ಹಾಲಹರವಿ ಸೀಮೆಯ ದತ್ತಿ, ತಸ್ತೀಕು ಮತ್ತು ಅನುದಾನ

ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಅಂಚಿನಲ್ಲಿ ಬಳ್ಳಾರಿಗೆ ತಾಗಿಕೊಂಡಿರುವ ಹಾಲಹರವಿ ಇಂದು ಒಂದು ಮಂಡಲದ ಕೇಂದ್ರ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂಬ ರೂಢಿ ಇಲ್ಲಿನ ಹಲವು ಕುಟುಂಬಗಳಲ್ಲಿ ಎಷ್ಟು ಸಹಜವಾಗಿದೆಯೆಂದರೆ, ಆಲೂರು, ಹೊಳಗುಂದಿ, ಆದವಾನಿಗಳ ನಡುವೆ ಓಡಾಡುವವರಿಗೆ ಎರಡು ರಾಜ್ಯಗಳ ಗಡಿ ನೆನಪಾಗುವುದು ಅರ್ಜಿ ಸಲ್ಲಿಸುವ ಸಂದರ್ಭ ಬಂದಾಗಲೇ. ಊರಿನ ಗುಡಿ, ಕೆರೆ, ಛತ್ರ, ಜಾತ್ರೆಗಳನ್ನು ಕಾಪಾಡಲು ಆಳುವವರು ಊರ ಸಂಸ್ಥೆಗೆ ನೆರವು ಕೊಡುವ ಪದ್ಧತಿ ಈ ಸೀಮೆಯಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಆದರೆ ಆ ನೆರವು ಭೂಮಿಯ ರೂಪದಲ್ಲಿದ್ದಾಗ ಊರವರ ಕೈಯಲ್ಲಿ ಉಳಿಯಿತು, ನಗದಿನ ರೂಪಕ್ಕೆ ತಿರುಗಿದ ಮೇಲೆ ಅವರ ಕೈಜಾರಿತು ಎಂಬುದನ್ನು ಇಲ್ಲಿನ ದಾಖಲೆಗಳು ಸಾಕಷ್ಟು ಸ್ಪಷ್ಟವಾಗಿ ತೋರಿಸುತ್ತವೆ.

ರಾಷ್ಟ್ರಕೂಟರ ಕಾಲದಲ್ಲಿ ಈ ಪ್ರದೇಶ ಸಿಂದವಾಡಿ-1000 ಎಂಬ ನಾಡಿಗೆ ಸೇರಿತ್ತು. ಹೆಸರಿನ ಮುಂದಿನ ಸಂಖ್ಯೆ ಆ ಕಾಲದ ಆಡಳಿತ ವಿಭಾಗಗಳಿಗೆ ರೂಢಿಯಾಗಿ ಸೇರುತ್ತಿದ್ದುದು. ಹತ್ತನೆಯ ಶತಮಾನದ ಪೂರ್ವಾರ್ಧದ ಹಾಲಹರವಿಯ ಕನ್ನಡ ಶಾಸನವು, ಈ ನಾಡನ್ನು ಆಳುತ್ತಿದ್ದ ಮಹಾಸಾಮಂತ ಕನ್ನರನ ಮಡದಿ ಚಂದಿಯಬ್ಬೆ ನಂದವರದಲ್ಲಿ ದೇವಾಲಯವನ್ನು ಕಟ್ಟಿಸಿ ಅದು ನಡೆದುಕೊಂಡು ಹೋಗಲು ಏರ್ಪಾಡು ಮಾಡಿದ್ದನ್ನು ದಾಖಲಿಸುತ್ತದೆ. ಕಟ್ಟಿಸಿದ್ದರ ಜೊತೆಗೇ ನಡೆಸುವ ಏರ್ಪಾಡನ್ನೂ ಕಲ್ಲಿನ ಮೇಲೆ ಬರೆಸುವ ಈ ಕ್ರಮ ಮುಂದೆ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಪೂರ್ಣ ಹದಕ್ಕೆ ಬಂದಿತು. ಆ ಕಾಲದ ದತ್ತಿಶಾಸನಗಳಲ್ಲಿ ಪೂಜೆ ಅಲಂಕಾರಗಳ ಅಂಗಭೋಗ ಮತ್ತು ನೃತ್ಯ ಗೀತ ಉತ್ಸವಗಳ ರಂಗಭೋಗದ ಪಕ್ಕದಲ್ಲಿಯೇ ಖಂಡಸ್ಫುಟಿತ ಜೀರ್ಣೋದ್ಧಾರ, ಅಂದರೆ ಕಟ್ಟಡದಲ್ಲಿ ಒಡೆದದ್ದು ಬಿರುಕುಬಿಟ್ಟದ್ದನ್ನು ಸರಿಪಡಿಸುವ ಕೆಲಸ, ಪ್ರತ್ಯೇಕ ಬಾಬಾಗಿ ನಮೂದಾಗುತ್ತದೆ. ಇಂದಿನ ಆಯವ್ಯಯ ಪತ್ರಗಳಲ್ಲಿ ಸಂರಕ್ಷಣೆ ಮತ್ತು ಪ್ರಚಾರ ಎಂದು ಎರಡು ಶೀರ್ಷಿಕೆಗಳಾಗಿ ಕಾಣುವ ವೆಚ್ಚಗಳು ಅಂದು ಒಂದೇ ದತ್ತಿಯ ಎರಡು ಭಾಗಗಳಾಗಿದ್ದವು.

ಇಂಥ ಶಾಸನದ ಕಲ್ಲನ್ನು ಹತ್ತಿರದಿಂದ ನೋಡಿದರೆ ವ್ಯವಸ್ಥೆಯ ಒಳಗಟ್ಟು ತಿಳಿಯುತ್ತದೆ. ಕಲ್ಲಿನ ನೆತ್ತಿಯಲ್ಲಿ ನಡುವೆ ಲಿಂಗ, ಅದರ ಪಕ್ಕದಲ್ಲಿ ನಂದಿ, ಕರುವಿಗೆ ಹಾಲೂಡುವ ಹಸು, ಮೇಲೆ ಸೂರ್ಯಚಂದ್ರರ ಉಬ್ಬುಚಿತ್ರಗಳಿರುತ್ತವೆ. ಬಸದಿಗೆ ಬಿಟ್ಟ ದತ್ತಿಯಾದರೆ ಲಿಂಗದ ಜಾಗದಲ್ಲಿ ಜಿನಬಿಂಬವಿರುತ್ತದೆ. ಕೆಳಗಿನ ಸಾಲುಗಳಲ್ಲಿ ಅರಸನ ಬಿರುದುಗಳು, ಅಧಿಕಾರಿಯ ಹೆಸರು, ತಿಥಿವಾರಗಳು ಮುಗಿದ ಮೇಲೆ ವಿಷಯಕ್ಕೆ ಬರುವ ಲಿಪಿಕಾರ, ಯಾವ ಗಳೆಯಿಂದ ಅಳೆದ ಎಷ್ಟು ಮತ್ತರು ಹೊಲ, ಅದರ ನಾಲ್ಕು ದಿಕ್ಕಿನ ಎಲ್ಲೆ, ಪ್ರತಿ ಗಾಣದಿಂದ ದೀಪಕ್ಕೆ ಬರಬೇಕಾದ ಎಣ್ಣೆ, ಸಂತೆಯ ಸುಂಕದಲ್ಲಿ ದೇವರ ಪಾಲು ಇವನ್ನೆಲ್ಲ ಒಂದೊಂದಾಗಿ ಹೇಳುತ್ತಾನೆ. ಕೊನೆಯಲ್ಲಿ ಬರುವ ಶಾಪಾಶಯದ ಸಾಲುಗಳು ದತ್ತಿಯನ್ನು ಅಪಹರಿಸಿದವನಿಗೆ ತಗಲುವ ಪಾಪವನ್ನು ವಿವರಿಸುತ್ತವೆ. ಓದುಗರು ಸಾಮಾನ್ಯವಾಗಿ ಈ ಶಾಪದ ಸಾಲುಗಳಲ್ಲಿಯೇ ಸ್ವಾರಸ್ಯವನ್ನು ಕಾಣುತ್ತಾರೆ. ಆದರೆ ದತ್ತಿಯನ್ನು ಉಳಿಸಿದ್ದು ಶಾಪಕ್ಕಿಂತ ಹೆಚ್ಚಾಗಿ, ಅದನ್ನು ಕಾಯುವ ಹೊಣೆಯನ್ನು ಹೊರುತ್ತಿದ್ದ ಅಗ್ರಹಾರದ ಮಹಾಜನರು, ಊರಿನ ಗಾವುಂಡರು, ಲೆಕ್ಕ ಬರೆಯುವ ಸೇನಬೋವರು ಮತ್ತು ವರ್ತಕರ ಸಂಘವಾದ ನಖರದವರು. ನೆರವಿನ ಜೊತೆಗೆ ಆದಾಯದ ಮೂಲವೂ ಲೆಕ್ಕ ಕೇಳುವ ಅಧಿಕಾರವೂ ಊರಿನವರಿಗೇ ಬರುತ್ತಿದ್ದುದರಿಂದ, ಅರಸುಮನೆತನ ಬದಲಾದರೂ ಗುಡಿಯ ದೀಪಕ್ಕೆ ಎಣ್ಣೆ ತಪ್ಪುತ್ತಿರಲಿಲ್ಲ.

ಕೆರೆಗಳಿಗೂ ಇದೇ ಬಗೆಯ ಏರ್ಪಾಡಿತ್ತು. ಕೆರೆಯ ಹೂಳೆತ್ತಿ ಏರಿಯನ್ನು ಬಲಪಡಿಸುವ ವೆಚ್ಚಕ್ಕಾಗಿ ಅದರ ನೀರು ಕುಡಿಯುವ ಗದ್ದೆಗಳಲ್ಲಿಯೇ ಒಂದು ಭಾಗವನ್ನು ಬಿಡುವ ಬಿತ್ತುವಟ್ಟವೆಂಬ ಪದ್ಧತಿಯನ್ನು ಕನ್ನಡ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ಕೆರೆ ಬತ್ತಿದರೆ ಕೆರೆ ಕಾಯುವವನ ಹೊಲವೂ ಒಣಗುತ್ತಿತ್ತು. ಹೀಗೆ ಕೆಲಸಗಾರನ ಹಿತವನ್ನೂ ಕೆಲಸದ ಹಿತವನ್ನೂ ಒಂದೇ ತೂಬಿಗೆ ಕಟ್ಟಿದ ಈ ಉಪಾಯವನ್ನು ಮೀರಿಸುವ ಮೇಲ್ವಿಚಾರಣೆಯನ್ನು ಆಮೇಲಿನ ಯಾವ ಇಲಾಖೆಯೂ ಕಂಡುಹಿಡಿದಂತಿಲ್ಲ. ಮಳೆ ಕಡಿಮೆ ಬೀಳುವ ಈ ಕರಿಮಣ್ಣಿನ ಸೀಮೆಯಲ್ಲಿ ದಶಬಂದ ಇನಾಂ ಎಂಬ ಹೆಸರಿನಿಂದ, ಕೆರೆ ಬಾವಿಗಳನ್ನು ಕಟ್ಟಿ ಸುಸ್ಥಿತಿಯಲ್ಲಿಟ್ಟವರಿಗೆ ಭೂಮಿಯನ್ನೋ ಕಂದಾಯದ ಪಾಲನ್ನೋ ಬಿಡುವ ಕ್ರಮ ಬ್ರಿಟಿಷರ ಕಾಲದವರೆಗೂ ನಡೆದು ಬಂದಿತು.

ವಿಜಯನಗರದ ನಂತರ ಆದವಾನಿಯ ಕೋಟೆ ಬಿಜಾಪುರದ ಆದಿಲಶಾಹಿಗಳಿಗೂ ಬಳಿಕ ಮೊಗಲರಿಗೂ ಆಮೇಲೆ ಹೈದರಾಬಾದಿನ ನಿಜಾಮನ ಮನೆತನಕ್ಕೂ ಸೇರಿದರೂ ಇನಾಮುಗಳ ಪದ್ಧತಿ ಮುರಿಯಲಿಲ್ಲ. ಆದವಾನಿಯ ಜಾಮಿಯಾ ಮಸೀದಿಯನ್ನು ಕಟ್ಟಿಸಿದ ಬಿಜಾಪುರದ ಅಧಿಪತಿ ಸಿದ್ದಿ ಮಸೂದ್ ಖಾನನೇ ತುಂಗಭದ್ರೆಯ ದಡದ ಮಂಚಾಲೆ (ಇಂದಿನ ಮಂತ್ರಾಲಯ) ಗ್ರಾಮವನ್ನು ರಾಘವೇಂದ್ರ ಸ್ವಾಮಿಗಳಿಗೆ ಬಿಟ್ಟುಕೊಟ್ಟನೆಂದು ಮಂತ್ರಾಲಯದ ಮಠದ ಪರಂಪರೆ ಹೇಳುತ್ತದೆ. 1671ರಲ್ಲಿ ಸ್ವಾಮಿಗಳು ವೃಂದಾವನಸ್ಥರಾದದ್ದು ಅಲ್ಲಿಯೇ.

1800ರ ಅಕ್ಟೋಬರಿನಲ್ಲಿ ನಿಜಾಮನು ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಆ ಕಾರಣದಿಂದ ದತ್ತ ಮಂಡಲ ಎಂಬ ಹೆಸರು ಪಡೆದ ಈ ನಾಡಿಗೆ ಪ್ರಧಾನ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು ಹೊಲಗಳನ್ನು ಅಳೆಸಿ, ಇನಾಮುಗಳನ್ನು ವಿಚಾರಿಸಿದನು. ಮಂಚಾಲೆಗೆ ಬಂದ ಮನ್ರೋವಿನೊಡನೆ ರಾಘವೇಂದ್ರ ರಾಯರು ವೃಂದಾವನದೊಳಗಿನಿಂದ ಮಾತಾಡಿದರೆಂಬ ಪ್ರಸಿದ್ಧ ಐತಿಹ್ಯದಲ್ಲಿ ಭಕ್ತರು ಪವಾಡವನ್ನು ಕಾಣುತ್ತಾರೆ. ಚರಿತ್ರೆಯ ಅಭ್ಯಾಸಿ ಗಮನಿಸಬೇಕಾದದ್ದು ಆ ಸಂಭಾಷಣೆಯ ವಸ್ತುವನ್ನು: ಹಿಂದಿನ ಸರ್ಕಾರ ಕೊಟ್ಟ ಗ್ರಾಮವನ್ನು ಹೊಸ ಸರ್ಕಾರ ಮುಂದುವರಿಸುತ್ತದೆಯೇ ಎಂಬ ಪ್ರಶ್ನೆಯೇ ಅದು. ಆ ವರ್ಷಗಳಲ್ಲಿ ದತ್ತ ಮಂಡಲದ ಸಾವಿರಾರು ಇನಾಮುದಾರರ, ಅರ್ಚಕರ, ಕೆರೆ ಕಾಯುವವರ ಎದೆಯಲ್ಲಿದ್ದ ಆತಂಕವೇ ಐತಿಹ್ಯದ ಬಟ್ಟೆ ತೊಟ್ಟು ನಿಂತಿದೆ.

ಮದ್ರಾಸಿನ 1817ರ ಏಳನೆಯ ರೆಗ್ಯುಲೇಷನ್ ದೇವಾಲಯ, ಮಸೀದಿಗಳಿಗೆ ಬಿಟ್ಟ ಭೂಮಿಯ ಉತ್ಪನ್ನ ಸರಿಯಾಗಿ ವಿನಿಯೋಗವಾಗುವಂತೆ ನೋಡುವ, ಸೇತುವೆ ಮತ್ತು ಛತ್ರಗಳನ್ನು ದುರಸ್ತಿಯಲ್ಲಿಡಿಸುವ ಹೊಣೆಯನ್ನು ರೆವಿನ್ಯೂ ಬೋರ್ಡಿಗೆ ವಹಿಸಿತು. ಅನೇಕ ಕಡೆ ದೇವಾಲಯದ ಭೂಮಿಯನ್ನೋ ಸುಂಕದ ಪಾಲನ್ನೋ ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡು, ಅದಕ್ಕೆ ಬದಲಾಗಿ ಖಜಾನೆಯಿಂದ ವರ್ಷಕ್ಕಿಷ್ಟೆಂದು ನಿಗದಿಯಾದ ಹಣವನ್ನು ಕೊಡತೊಡಗಿತು. ಇದಕ್ಕೆ ತಸ್ತೀಕು ಎಂದು ಹೆಸರು. ಜೋಳದ ಬೆಲೆ ಏರಿದಂತೆ ಭೂಮಿಯ ಹುಟ್ಟುವಳಿಯ ಮೌಲ್ಯವೂ ಏರುತ್ತದೆ, ತಸ್ತೀಕಿನ ರೂಪಾಯಿ ಏರುವುದಿಲ್ಲ. ಮೊದಲ ತಲೆಮಾರಿಗೆ ಪೂಜೆ, ದುರಸ್ತಿ, ಉತ್ಸವ ಮೂರಕ್ಕೂ ಸಾಲುತ್ತಿದ್ದ ಮೊತ್ತವು ಕೆಲವೇ ತಲೆಮಾರುಗಳಲ್ಲಿ ಎಣ್ಣೆಬತ್ತಿಗೂ ಸಾಲದಾಯಿತು. ಮೊದಲು ಬಿಟ್ಟುಹೋದದ್ದು ದುರಸ್ತಿ, ಏಕೆಂದರೆ ದೇವರಿಗೆ ನೈವೇದ್ಯ ತಪ್ಪಿದರೆ ಊರಿಗೆ ಮರುದಿನವೇ ತಿಳಿಯುತ್ತದೆ, ಚಾವಣಿಯ ಕಲ್ಲಿನ ಸಂದಿಯಲ್ಲಿ ಅರಳಿಯ ಸಸಿ ಬೇರುಬಿಟ್ಟದ್ದು ತಿಳಿಯಲು ಇಪ್ಪತ್ತು ವರ್ಷ ಬೇಕು. 1858ರಲ್ಲಿ ಸ್ಥಾಪಿತವಾದ ಇನಾಂ ಕಮಿಷನ್ ದೇವಾಲಯದ ಇನಾಮುಗಳನ್ನು ಸೇವೆ ನಡೆಯುವವರೆಗೆ ಎಂಬ ಷರತ್ತಿನ ಮೇಲೆ ಖಾಯಂ ಮಾಡಿತು. 1863ರ ಕಾಯ್ದೆ ಧಾರ್ಮಿಕ ಸಂಸ್ಥೆಗಳ ಆಡಳಿತದಿಂದ ಸರ್ಕಾರವನ್ನು ಹಿಂದಕ್ಕೆ ಸರಿಸಿ ಆ ಆಡಳಿತವನ್ನು ಸಮಿತಿಗಳ ಕೈಗೆ ಒಪ್ಪಿಸಿತು.

ಮನ್ರೋ ಮದ್ರಾಸಿನ ಗವರ್ನರಾಗಿ ಮರಳಿ ಬಂದು, 1827ರ ಜುಲೈ 6ರಂದು ಪ್ರವಾಸದಲ್ಲಿರುವಾಗಲೇ ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ತೀರಿಕೊಂಡಾಗ, ಸರ್ಕಾರ ಅಲ್ಲಿ ಅವನ ನೆನಪಿಗೆ ಮರದ ತೋಪನ್ನು ಬೆಳೆಸಿ ಮೆಟ್ಟಿಲಿನ ಬಾವಿಯನ್ನು ಕಟ್ಟಿಸಿತು. ಮದ್ರಾಸಿನಲ್ಲಿ ಅವನಿಗೆ ಕುದುರೆಯ ಮೇಲಿನ ಕಂಚಿನ ಪ್ರತಿಮೆ ನಿಂತರೆ, ದತ್ತ ಮಂಡಲದಲ್ಲಿ ದಾರಿಹೋಕರಿಗೆ ನೆರಳು ನೀರು ಒದಗಿಸುವ ಸ್ಮಾರಕ ಎದ್ದಿತು. ನಾಡಿನ ರೀತಿಯನ್ನು ಸರ್ಕಾರವೇ ಅನುಸರಿಸಿದ ಅಪರೂಪದ ಪ್ರಸಂಗವಿದು.

ಗುಡಿಗಳು ಹಾಳಾಗುತ್ತಿದ್ದ ಈ ಕಾಲದಲ್ಲಿ ಅವುಗಳ ಬಗೆಗಿನ ತಿಳಿವಳಿಕೆ ಬೆಳೆಯುತ್ತ ಹೋಯಿತು ಎಂಬುದು ವಿಪರ್ಯಾಸವಾದರೂ ನಿಜ. ಕಂಪನಿಯ ಸರ್ವೇ ಅಧಿಕಾರಿ ಕಾಲಿನ್ ಮೆಕೆಂಜಿಯ ಸಹಾಯಕರು ಊರೂರು ತಿರುಗಿ, ಶಾನುಭೋಗರ ಕಡತಗಳನ್ನು ನೋಡಿ, ಗ್ರಾಮದ ಪೂರ್ವೋತ್ತರವನ್ನು ಹೇಳುವ ಕೈಫಿಯತ್ತುಗಳನ್ನು ಬರೆಸಿದರು. ಕೆಲ್ಸಾಲನ 1872ರ ಬಳ್ಳಾರಿ ಜಿಲ್ಲಾ ಕೈಪಿಡಿ, ಫ್ರಾನ್ಸಿಸನ 1904ರ ಗೆಜೆಟಿಯರ್ ಬಂದವು. ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಸಂಪಾದಿಸಿದ ದಕ್ಷಿಣ ಭಾರತದ ಶಾಸನಗಳ ಒಂಬತ್ತನೆಯ ಸಂಪುಟದ ಮೊದಲ ಭಾಗ 1939ರಲ್ಲಿ ಪ್ರಕಟವಾಗಿ, ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳು ವಿದ್ವಾಂಸರಿಗೆ ದೊರೆತವು. ಶಾಸನದ ಮೇಲೆ ಒದ್ದೆ ಕಾಗದವನ್ನು ಹರಡಿ, ಕುಂಚದಿಂದ ಬಡಿದು, ಮಸಿ ಹಚ್ಚಿ ತೆಗೆಯುವ ಪಡಿಯಚ್ಚುಗಳು ಊಟಿಯ ಶಾಸನಶಾಸ್ತ್ರ ಕಚೇರಿಯಲ್ಲಿದ್ದು, 1966ರಲ್ಲಿ ಕಚೇರಿಯೊಡನೆ ಮೈಸೂರಿಗೆ ಬಂದವು. ಅಚ್ಚಿನ ರಕ್ಷಣೆಗೆ ಸರ್ಕಾರದ ಹಣವಿತ್ತು, ಕಲ್ಲಿನ ರಕ್ಷಣೆ ಹೊಲದ ಯಜಮಾನನ ಸದ್ಭಾವಕ್ಕೆ ಬಿಟ್ಟ ವಿಷಯವಾಗಿತ್ತು. ಕರ್ಜನ್ ಕಾಲದ 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯ್ದೆಯು ಪಟ್ಟಿಗೆ ಸೇರಿದ ಕಟ್ಟಡಗಳಿಗೆ ರಕ್ಷಣೆ ಕೊಟ್ಟಿತಾದರೂ ಪಟ್ಟಿಗೆ ಸೇರುವುದು ಗುತ್ತಿಯ ಕೋಟೆ, ಎರ್ರಗುಡಿಯ ಅಶೋಕನ ಶಾಸನದಂಥವಕ್ಕೆ ಸಾಧ್ಯವಿತ್ತು. ಊರ ಹನುಮಪ್ಪನ ಗುಡಿಗಲ್ಲ. 1884ರ ಕಾಯ್ದೆಯಿಂದ ಬೆಳೆದ ತಾಲ್ಲೂಕು ಮತ್ತು ಜಿಲ್ಲಾ ಬೋರ್ಡುಗಳು ರಸ್ತೆ, ಶಾಲೆ, ಸಾಲುಮರ, ಛತ್ರಗಳನ್ನು ನೋಡಿಕೊಂಡವು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿ, ಉಳಿದವು ಮೈಸೂರಿಗೆ ಹೋದವು. ಒಂದೇ ಸಿಂದವಾಡಿಯ ಗುಡಿಗಳು ಎರಡು ಪುರಾತತ್ತ್ವ ಇಲಾಖೆಗಳಿಗೆ ಹಂಚಿಹೋದವು. 1956ರ ಇನಾಂ ರದ್ದತಿ ಕಾಯ್ದೆ ಇನಾಮುಗಳನ್ನು ರೈತವಾರಿ ಪಟ್ಟಾಗಳಾಗಿ ಮಾರ್ಪಡಿಸಿತು. 1984ರಲ್ಲಿ ಆಂಧ್ರಪ್ರದೇಶ ಸರ್ಕಾರ ವಂಶಪಾರಂಪರ್ಯದ ಕರಣಂ (ಶಾನುಭೋಗ) ಹುದ್ದೆಗಳನ್ನು ರದ್ದುಪಡಿಸಿತು; ಆಡಳಿತದ ದೃಷ್ಟಿಯಿಂದ ಇದು ಅಗತ್ಯವೇ ಆಗಿದ್ದರೂ, ಯಾವ ಹೊಲ ಯಾವ ದೇವರದು, ಯಾವ ಕಾಲುವೆ ಯಾರ ಸರದಿಯದು ಎಂಬುದನ್ನು ಬಲ್ಲ ಮನೆತನಗಳು ಅದರೊಂದಿಗೆ ಊರ ವ್ಯವಹಾರದಿಂದ ಹೊರಗಾದವು.

ಹಣದ ಹೊಸ ಹೊಳೆಗಳು ಹರಿದದ್ದು ಬೇರೆ ದಿಕ್ಕಿನಲ್ಲಿ. ಹನ್ನೆರಡನೆಯ ಹಣಕಾಸು ಆಯೋಗ 2005ರಿಂದ 2010ರವರೆಗಿನ ಅವಧಿಗೆ ಪರಂಪರೆಯ ಸಂರಕ್ಷಣೆಗೆಂದು ರಾಜ್ಯಗಳಿಗೆ ಒಟ್ಟು 625 ಕೋಟಿ ರೂಪಾಯಿಯನ್ನು ಶಿಫಾರಸು ಮಾಡಿತು. ಆದರೆ ಅದು ರಾಜ್ಯಗಳಿಗೆ ಸಂದದ್ದು, ಪಂಚಾಯತಿಗಳಿಗಲ್ಲ. ಕೇಂದ್ರ ಸರ್ಕಾರ ಪರಂಪರೆಯ ನಗರಗಳಿಗಾಗಿ ತಂದ 2015ರ ಹೃದಯ್ ಯೋಜನೆಗೆ ಆಯ್ಕೆಯಾದ 12 ನಗರಗಳಲ್ಲಿ ಆಂಧ್ರದ ಅಮರಾವತಿಯೂ ಕರ್ನಾಟಕದ ಬಾದಾಮಿಯೂ ಇದ್ದವು, ಆದವಾನಿ ಇರಲಿಲ್ಲ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟು 1991ರಿಂದ ಸರ್ಕಾರ, ಟ್ರಸ್ಟು ಮತ್ತು ಊರವರು ವೆಚ್ಚವನ್ನು ಹಂಚಿಕೊಳ್ಳುವ ಕ್ರಮದಲ್ಲಿ ಕರ್ನಾಟಕದ ಅನೇಕ ಹಳೆಯ ದೇವಾಲಯಗಳನ್ನು ಎತ್ತಿ ನಿಲ್ಲಿಸಿದೆ. ಊರವರ ಪಾಲು ಸೇರಿದ ಕಾರಣಕ್ಕೇ ಹಳೆಯ ದತ್ತಿಗೆ ಅತ್ಯಂತ ಸಮೀಪವಾದ ಈ ಮಾದರಿಗೆ ರಾಜ್ಯದ ಗಡಿಯೇ ಎಲ್ಲೆಯಾಗಿದೆ. ಸಂಯುಕ್ತ ಆಂಧ್ರಪ್ರದೇಶ 2007ರಲ್ಲಿ ಆರಂಭಿಸಿದ ಧೂಪದೀಪ ನೈವೇದ್ಯ ಯೋಜನೆ ಆದಾಯವಿಲ್ಲದ ಗುಡಿಗಳಿಗೆ ತಿಂಗಳಿಗೆ 2,500 ರೂಪಾಯಿ ಕೊಟ್ಟಿತು. ಹೆಸರಿನಲ್ಲಿಯೇ ಇರುವಂತೆ ಅದು ಪೂಜೆಗೆ ಕೊಟ್ಟ ಹಣ, ಖಂಡಸ್ಫುಟಿತಕ್ಕೆ ಅದರಲ್ಲಿ ಪಾಲಿಲ್ಲ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರರಾಜ್ಯದ ಕನ್ನಡ ಶಾಲೆಗಳಿಗೂ ಸಂಘಸಂಸ್ಥೆಗಳಿಗೂ ನೆರವು ನೀಡುತ್ತದೆ. ಅದು ಭಾಷೆಯ ಹೆಸರಿನ ನೆರವು. ಊರ ಸ್ಥಳೀಯ ಸಂಸ್ಥೆಯ ಲೆಕ್ಕಕ್ಕೆ ಬರುವಂಥದ್ದಲ್ಲ.

ಉತ್ಸವಗಳ ಸ್ಥಿತಿ ಇನ್ನೂ ವಿಚಿತ್ರ. ಹಾಲಹರವಿ ಮಂಡಲದ ಗೂಳ್ಯದಲ್ಲಿ, ಹಗರಿಯೆಂದು ಕರೆಯಲಾಗುವ ವೇದಾವತಿಯ ದಡದಲ್ಲಿ ನಡೆಯುವ ಗಾದಿಲಿಂಗೇಶ್ವರನ ರಥೋತ್ಸವಕ್ಕೆ ಎರಡೂ ರಾಜ್ಯಗಳ ಭಕ್ತರು ಸೇರುತ್ತಾರೆ. ಹೊಳಗುಂದಿ ಮಂಡಲದ ದೇವರಗಟ್ಟಿನಲ್ಲಿ ವಿಜಯದಶಮಿಯ ರಾತ್ರಿ ಮಾಳಮ್ಮ ಮಲ್ಲೇಶ್ವರರ ಉತ್ಸವಮೂರ್ತಿಗಳಿಗಾಗಿ ಸುತ್ತಲಿನ ಹಳ್ಳಿಗಳವರು ಬಡಿಗೆ ಹಿಡಿದು ಸೆಣಸುವ ಬನ್ನಿ ಹಬ್ಬದಲ್ಲಿ ಪ್ರತಿವರ್ಷ ಅನೇಕರಿಗೆ ಪೆಟ್ಟಾಗುತ್ತದೆ. ಹೀಗಾಗಿ ಅಲ್ಲಿ ಸರ್ಕಾರದ ವೆಚ್ಚ ಬಹುಪಾಲು ಪೊಲೀಸ್ ಬಂದೋಬಸ್ತಿಗೂ ವೈದ್ಯಕೀಯ ಶಿಬಿರಕ್ಕೂ ಆಗುತ್ತದೆ. ಊರವರು ಪರಂಪರೆ ಎನ್ನುವುದನ್ನು ಸರ್ಕಾರ ಶಾಂತಿಪಾಲನೆಯ ಬಾಬಿನಲ್ಲಿ ಬರೆಯುತ್ತದೆ, ಎರಡೂ ಕಡೆಯವರಿಗೆ ಅವರವರ ಕಾರಣಗಳಿವೆ.

ಸಂವಿಧಾನದ 73ನೆಯ ತಿದ್ದುಪಡಿಯಿಂದ ಸೇರಿದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಸಾಂಸ್ಕೃತಿಕ ಚಟುವಟಿಕೆ 21ನೆಯದು, ಸಮುದಾಯದ ಆಸ್ತಿಗಳ ನಿರ್ವಹಣೆ ಕೊನೆಯದು. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರವರೆಗೆ ಗ್ರಾಮೀಣ ಸಂಸ್ಥೆಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇಕಡಾ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿಟ್ಟು, ಉಳಿದ 40ನ್ನು, ಸಂಬಳ ಮತ್ತು ಕಚೇರಿ ಖರ್ಚಿಗೆ ಬಳಸದೆ, ಈ 29 ವಿಷಯಗಳಲ್ಲಿ ಊರಿಗೆ ಬೇಕೆನಿಸಿದ್ದಕ್ಕೆ ವಿನಿಯೋಗಿಸಬಹುದೆಂದಿತು. ಎಂದರೆ, ಶಾಸನದ ಕಲ್ಲನ್ನು ಹೊಲದ ಬದುವಿನಿಂದ ತಂದು ಪಂಚಾಯತಿಯ ಅಂಗಳದಲ್ಲಿ ಕಟ್ಟೆಕಟ್ಟಿ ನಿಲ್ಲಿಸಲು ಅನುದಾನದ ನಿಯಮದ ಅಡ್ಡಿಯಿರಲಿಲ್ಲ; ದಾರಿಯ ಚರಂಡಿ, ಬೀದಿದೀಪಗಳ ಬೇಡಿಕೆಯ ಮುಂದೆ ಅದರ ಸರದಿ ಬರಬೇಕಿತ್ತಷ್ಟೆ. ಕೆರೆಗಳಿಗೆ ಮಾತ್ರ ಸರದಿ ಬಂದಿದೆ: 2005ರ ಉದ್ಯೋಗ ಖಾತರಿ ಕಾಯ್ದೆ ಸಾಂಪ್ರದಾಯಿಕ ಜಲಮೂಲಗಳ ಪುನಶ್ಚೇತನವನ್ನು ತನ್ನ ಕಾಮಗಾರಿಗಳ ಪಟ್ಟಿಗೆ ಸೇರಿಸಿದ್ದರಿಂದ, ಹಿಂದೆ ಬಿತ್ತುವಟ್ಟದ ಹೊಲ ಉಳುತ್ತಿದ್ದವನು ಮಾಡುತ್ತಿದ್ದ ಹೂಳೆತ್ತುವ ಕೆಲಸಕ್ಕೆ ಕೂಲಿಯ ಹಾಜರಿಪಟ್ಟಿ ಮತ್ತು ಬ್ಯಾಂಕು ಖಾತೆಯ ಮೂಲಕ ಹಣ ಸಂದಾಯವಾಗತೊಡಗಿತು.