ತಿರುಪಿನ ಲೆಕ್ಕ, ಸ್ಪ್ರಿಂಗಿನ ಲೆಕ್ಕ

ಕಳೆದ ಚಳಿಗಾಲದಲ್ಲಿ ಮೈಸೂರು ಕಡೆಯ ಹುಡುಗನೊಬ್ಬ ಫೀನಿಕ್ಸಿನ ನನ್ನ ಗ್ಯಾರೇಜಿಗೆ ಹಳೆಯ ಹೋಂಡಾ 400ಇಎಕ್ಸ್ ಸ್ಪೋರ್ಟ್ ಕ್ವಾಡ್ ಒಂದನ್ನು ಟ್ರೇಲರಿನಲ್ಲಿ ಹಾಕಿಕೊಂಡು ಬಂದ. ಗಾಡಿಗೆ ಕೊಟ್ಟದ್ದು ಒಂದೂವರೆ ಸಾವಿರ ಡಾಲರ್. ಹೊಸ ಶಾಕುಗಳಿಗೆ (ಶಾಕ್ ಅಬ್ಸಾರ್ಬರ್) ಸುರಿಯಲು ಹೊರಟದ್ದು ಅದಕ್ಕಿಂತ ಹೆಚ್ಚು. ಅವನಿಗೆ ಬೇಕಾದ ಜೊತೆಯಲ್ಲಿ ಹದ ಮಾಡುವ ತಿರುಪುಗಳು ಎಷ್ಟಿದ್ದವೆಂದರೆ ಎಣಿಸಲು ಒಂದು ಕೈಯ ಬೆರಳು ಸಾಲದು. 'ನಿನ್ನ ತೂಕ ಎಷ್ಟಪ್ಪ?' ಎಂದೆ. ಶಾಕಿಗೂ ತೂಕಕ್ಕೂ ಏನು ಸಂಬಂಧ ಎನ್ನುವಂತೆ ನೋಡಿದ. ಈ ಲೇಖನ ಹುಟ್ಟಿದ್ದು ಆ ನೋಟದಿಂದ.

ಮೊದಲು ಒಂದು ಮಾತು. ಕೊಡಗಿನ ರೆಸಾರ್ಟುಗಳಲ್ಲಿ ಪ್ರವಾಸಿಗರನ್ನು ಕೂರಿಸಿ ಸುತ್ತಿಸುವ ನಾಲ್ಕು ಚಕ್ರದ ಗಾಡಿಗಳ ವಿಷಯ ಇದಲ್ಲ. ಸ್ಪೋರ್ಟ್ ಕ್ವಾಡ್ ಬೇರೆಯೇ ಜಾತಿ. ಒಬ್ಬನೇ ಸವಾರ, ಬೈಕಿನಂತೆ ಹ್ಯಾಂಡಲ್, ಮುಂದೆ ಎರಡೂ ಕಡೆ ಚಕ್ರ ಹಿಡಿಯುವ ಎ-ಆರ್ಮ್‌ಗಳಿಗೆ ಒಂದೊಂದು ಶಾಕು, ಹಿಂದೆ ಸ್ವಿಂಗ್‌ಆರ್ಮಿಗೆ ಒಂದೇ ಶಾಕು. ಹಾರಲು, ಜಾರಲು, ಮರಳುದಿಣ್ಣೆ ಹತ್ತಲು ಮಾಡಿದ್ದು. ಅಮೆರಿಕದಲ್ಲಿ ಇದರ ಚರಿತ್ರೆ ಬರೆದವರು ಬಹುಪಾಲು ಎಂಜಿನ್ನಿನ ಚರಿತ್ರೆ ಬರೆದಿದ್ದಾರೆ. ಶಾಕಿಗೆ ಸಿಕ್ಕಿದ್ದು ಅಡಿಟಿಪ್ಪಣಿಯ ಜಾಗ.

ಆರಂಭದಲ್ಲಿ ಶಾಕೇ ಇರಲಿಲ್ಲ. 1970ರಲ್ಲಿ ಹೋಂಡಾ ತಂದ ಮೂರು ಚಕ್ರದ ಯುಎಸ್90ಕ್ಕೆ ಬಲೂನಿನಂಥ ಟೈರುಗಳೇ ಸಸ್ಪೆನ್ಷನ್ನು. ಗುಂಡಿಗೆ ಬಿದ್ದರೆ ಗಾಡಿ ಚೆಂಡಿನಂತೆ ಪುಟಿಯುತ್ತಿತ್ತು. 1981ರ ಎಟಿಸಿ250ಆರ್ ಹೊತ್ತಿಗೆ ಹಿಂದೆ-ಮುಂದೆ ಸಸ್ಪೆನ್ಷನ್ ಬಂತು. 1985ರಲ್ಲಿ ಸುಜುಕಿಯ ಕ್ವಾಡ್‌ರೇಸರ್, 1986ರಲ್ಲಿ ಹೋಂಡಾದ ನಾಲ್ಕು ಚಕ್ರದ 250ಆರ್, 1987ರಲ್ಲಿ ಯಮಹಾದ ಬ್ಯಾನ್ಶಿ. 1988ರಲ್ಲಿ ಕಂಪನಿಗಳು ಅಮೆರಿಕ ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದದಿಂದ ಮೂರು ಚಕ್ರದ ಗಾಡಿಗಳ ಮಾರಾಟ ನಿಂತಿತು. 250ಆರ್ ತಯಾರಿಕೆಯೂ 1989ಕ್ಕೆ ಮುಗಿಯಿತು.

ನಮ್ಮ ಕಾಲ ಶುರುವಾದದ್ದು ಅಲ್ಲಿಂದ. ತೊಂಬತ್ತರ ದಶಕದಲ್ಲಿ ಕಂಪನಿಗಳು ಸ್ಪೋರ್ಟ್ ಕ್ವಾಡಿನತ್ತ ಬೆನ್ನು ತಿರುಗಿಸಿ ಕೂತವು. ಸತ್ತ 250ಆರ್ ಅನ್ನೂ ಬದಲಾಗದ ಬ್ಯಾನ್ಶಿಯನ್ನೂ ಬದುಕಿಸಿದ್ದು ಸಣ್ಣ ವರ್ಕ್‌ಶಾಪುಗಳು. ಕ್ಯಾಲಿಫೋರ್ನಿಯಾದ ವರ್ಕ್ಸ್ ಪರ್ಫಾರ್ಮೆನ್ಸ್‌ಗೆ ಶಾಕು ಆರ್ಡರ್ ಮಾಡುವುದೆಂದರೆ ದರ್ಜಿಗೆ ಅಳತೆ ಕೊಟ್ಟಂತೆ. ನಿಮ್ಮ ತೂಕ ಎಷ್ಟು, ಎಲ್ಲಿ ಓಡಿಸುತ್ತೀರಿ, ಎ-ಆರ್ಮ್ ಕಂಪನಿಯದೋ ಉದ್ದ ಮಾಡಿಸಿದ್ದೋ ಎಂದೆಲ್ಲ ಮೊದಲು ಕೇಳುತ್ತಿದ್ದರು. ಬಂದ ಶಾಕಿಗೆ ತಿರುಪುಗಳು ಕಡಿಮೆ. ಆದರೆ ಅದು ನಿಮ್ಮದೇ ಶಾಕು. ಅದರ ಮೇಲೆ ಎರಡು, ಕೆಲವೊಮ್ಮೆ ಮೂರು ಸ್ಪ್ರಿಂಗುಗಳು ಒಂದರ ಮೇಲೊಂದು ಕೂತಿರುತ್ತಿದ್ದವು. ನೋಡಿದವರು ಅಲಂಕಾರ ಅಂದುಕೊಂಡರು. ಗಣಿತ ಸರಳ: ಇಂಚಿಗೆ 200 ಪೌಂಡಿನ ಎರಡು ಸ್ಪ್ರಿಂಗುಗಳನ್ನು ಒಂದರ ಮೇಲೊಂದು ಕೂರಿಸಿದರೆ ಎರಡೂ ಸೇರಿ ಇಂಚಿಗೆ 100 ಪೌಂಡಿನಷ್ಟೇ ಗಟ್ಟಿ. ಸಣ್ಣ ಕಲ್ಲು, ಬೇರುಗಳನ್ನು ಈ ಮೆತ್ತನೆಯ ಜೋಡಿ ನುಂಗುತ್ತದೆ. ದೊಡ್ಡ ಹೊಡೆತಕ್ಕೆ ಮೇಲಿನದು ತಡೆಗೆ ತಾಗಿ ನಿಲ್ಲುತ್ತದೆ. ಆಮೇಲೆ ಕೆಳಗಿನದೊಂದೇ 200 ಪೌಂಡಾಗಿ ಎದೆಯೊಡ್ಡುತ್ತದೆ. ಆ ತಡೆ ಎಲ್ಲಿರಬೇಕು ಎಂದು ತಿಳಿದವನೇ ಒಳ್ಳೆಯ ಶಾಕುಗಾರ. ನಾನು ಕೆಲಸ ಕಲಿತದ್ದು ಇಂಥವರ ಕೈಕೆಳಗೆ. ಪಕ್ಷಪಾತ ಇದ್ದರೆ ಇರಲಿ.

ಶಾಕಿನ ಹೊಟ್ಟೆಯೊಳಗಿನ ವಿಷಯವೂ ಆಗ ಜನರಿಗೆ ಹೊಸದು. ಸ್ಪ್ರಿಂಗು ಹೊಡೆತವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಶಾಖವಾಗಿಸಿ ಹೊರಗೆ ಕಳಿಸುವುದು ಶಾಕಿನ ಆಯಿಲ್ಲು. ಆಯಿಲ್ ಕಾದು ನೊರೆಯಾದರೆ ಶಾಕು ಸೈಕಲ್ ಪಂಪು. ಹೀಗಾಗದಿರಲೆಂದು ನೈಟ್ರೋಜನ್ ಒತ್ತಡ ತುಂಬುತ್ತಾರೆ. ಅಗ್ಗದ ಶಾಕಿನಲ್ಲಿ ಅನಿಲವೂ ಆಯಿಲ್ಲೂ ಒಂದೇ ಕೊಳವೆಯಲ್ಲಿ ಬೆರೆತಿರುತ್ತವೆ. ದುಬಾರಿಯದರಲ್ಲಿ ಪಕ್ಕದ ಡಬ್ಬಿಯಲ್ಲಿ ಪಿಸ್ಟನ್ನೊಂದು ಇವೆರಡರ ನಡುವೆ ಗೋಡೆಯಾಗಿ ನಿಲ್ಲುತ್ತದೆ. ಮನೆ ಹಿಂದಿನ ತೋಟದಲ್ಲಿ ಅರ್ಧ ಗಂಟೆ ಓಡಿಸುವವನಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಕ್ಯಾಲಿಫೋರ್ನಿಯಾದ ಗ್ಲಾಮಿಸ್‌ನ ಮರಳಿನಲ್ಲಿ ಬೆಳಗಿನಿಂದ ಸಂಜೆವರೆಗೆ ಹಾರುವವನಿಗೆ ಎರಡನೇ ಗಂಟೆಗೇ ತಿಳಿಯುತ್ತದೆ.

ಮುಂದಿನ ಕಾಲವನ್ನು ಎಲ್ಲರೂ ಸುವರ್ಣಯುಗ ಎನ್ನುತ್ತಾರೆ. 1999ರಲ್ಲಿ 400ಇಎಕ್ಸ್, 2001ರಲ್ಲಿ ರಾಪ್ಟರ್ 660, 2004ರಲ್ಲಿ ಯಮಹಾದ ವೈಎಫ್‌ಝಡ್450 ಮತ್ತು ಹೋಂಡಾದ 450ಆರ್, 2006ರಲ್ಲಿ ಸುಜುಕಿಯ ಎಲ್‌ಟಿ-ಆರ್450. ಕಾರ್ಖಾನೆಗಳೇ ಒಳ್ಳೆಯ ಶಾಕು ಕೊಡತೊಡಗಿದವು. ಕ್ವಿಬೆಕ್‌ನ ಎಲ್ಕಾ ತನ್ನ ಶಾಕುಗಳನ್ನು ಮೆಟ್ಟಿಲುಗಳಂತೆ ಒಂದು, ಎರಡು, ಮೂರು ಎಂದು ಅಂಕೆ ಹಾಕಿ ಮಾರಿತು. ಸಾಮಾನು ಚೆನ್ನಾಗಿತ್ತು, ಅಂಕೆ ಮಾತ್ರ ಜನರ ತಲೆ ಕೆಡಿಸಿತು. ಮೂರಕ್ಕಿಂತ ಐದು ಮೇಲು ಎಂದು ಯಾರಿಗೆ ತಾನೇ ಅನ್ನಿಸದು? ಅಂಕೆಯ ಜೊತೆ ತಿರುಪುಗಳೂ ಹೆಚ್ಚುತ್ತಿದ್ದವು. ತಿರುಪುಗಳ ಮೋಹ ಹತ್ತಿದ್ದು ಆಗ.

ಹೈಸ್ಪೀಡ್ ಕಂಪ್ರೆಷನ್ ಎಂಬ ತಿರುಪನ್ನೇ ತೆಗೆದುಕೊಳ್ಳಿ. ಗಾಡಿ ಜೋರಾಗಿ ಓಡುವಾಗ ಕೆಲಸ ಮಾಡುವುದು ಎಂದೇ ಮುಕ್ಕಾಲು ಜನ ನಂಬಿದ್ದಾರೆ. ಇಲ್ಲಿ ವೇಗವೆಂದರೆ ಶಾಕಿನ ದಂಡ ಒಳಗೆ ನುಗ್ಗುವ ವೇಗ. ಗಾಡಿ ಆಮೆಯಂತೆ ತೆವಳುತ್ತಿದ್ದರೂ ಚೂಪಾದ ಕಲ್ಲಿಗೆ ಚಕ್ರ ಹತ್ತಿದರೆ ದಂಡ ಬಾಣದಂತೆ ನುಗ್ಗುತ್ತದೆ. ಪ್ರೀಲೋಡ್ ಕತೆಯೂ ಇದೇ. ಸ್ಪ್ರಿಂಗಿನ ಮೇಲಿನ ಬಳೆಯನ್ನು ಬಿಗಿದರೆ ಶಾಕು ಗಟ್ಟಿಯಾಯಿತು ಎನ್ನುತ್ತಾರೆ. ಗಟ್ಟಿಯಾಗುವುದಿಲ್ಲ, ಗಾಡಿ ಮೇಲೇಳುತ್ತದೆ, ಅಷ್ಟೆ. ತೂಕಕ್ಕೆ ಸೋತ ಸ್ಪ್ರಿಂಗನ್ನು ಬಳೆ ಬಿಗಿದು ಗೆಲ್ಲಿಸಲು ಹೋದವರು, ಮೇಲಕ್ಕೆ ಪುಟಿದೇಳುವ ಗಾಡಿ ಕಟ್ಟಿಕೊಂಡು ಶಾಕಿನ ಕಂಪನಿಯನ್ನು ಬೈಯುತ್ತಾರೆ.

ಈ ಯುಗದ ಅಬ್ಬರವೆಲ್ಲ ಮೋಟೋಕ್ರಾಸಿನದು. ಆದರೆ ಸಸ್ಪೆನ್ಷನ್ ಅರ್ಥವಾಗಬೇಕಾದರೆ ಅಮೆರಿಕದ ಪೂರ್ವದ ಕಾಡುಗಳಲ್ಲಿ ನಡೆಯುವ ಜಿಎನ್‌ಸಿಸಿ ರೇಸ್ ನೋಡಬೇಕಿತ್ತು. ಬಿಲ್ ಬ್ಯಾಲನ್ಸ್ ಅಲ್ಲಿ ಒಂಬತ್ತು ಸಲ ಚಾಂಪಿಯನ್ ಆದರು. ಬೇರು, ಕೆಸರು, ಕಲ್ಲುಗಳ ಮೇಲೆ ಸುಮಾರು ಎರಡು ಗಂಟೆ. ಅಲ್ಲಿ ಗೆಲ್ಲುವುದು ಸವಾರನ ಕೈ ಸೋಲಿಸದ ಮೆತ್ತನೆಯ ಶಾಕು. ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಮಾತ್ರ ಗಾಳಿಯಲ್ಲಿ ಹಾರಿದ ಕ್ವಾಡುಗಳು. ಕಾಡಿನಲ್ಲಿ ಓಡಿಸುವ ಸಾಮಾನ್ಯ ಸವಾರ ಹಾರುವವನ ಶಾಕು ಕೊಂಡು ಹಲ್ಲು ಕಡಿದುಕೊಂಡು ಮನೆಗೆ ಬರತೊಡಗಿದ್ದು ಹೀಗೆ.

ನಡುವೆ ಫಾಕ್ಸ್ ಕಂಪನಿಯ ಫ್ಲೋಟ್ ಬಂತು. ಲೋಹದ ಸ್ಪ್ರಿಂಗಿನ ಬದಲು ಗಾಳಿ. ಎಪ್ಪತ್ತರ ದಶಕದಲ್ಲಿ ಮೋಟೋಕ್ರಾಸ್ ಬೈಕುಗಳಿಗೆ ಗಾಳಿ ಶಾಕು ಕೊಟ್ಟೇ ಹೆಸರು ಮಾಡಿದ ಕಂಪನಿ ಸುತ್ತಿ ಅಲ್ಲಿಗೇ ಬಂದಿತ್ತು. ನಮ್ಮ ಹಳಬರು ಮೂಗು ಮುರಿದರು, ನಾನೂ ಮುರಿದೆ. ತಪ್ಪು ಮಾಡಿದೆವು. ಕೈಯಲ್ಲಿ ದುಡ್ಡಿಲ್ಲದವನಿಗೆ ಇದಕ್ಕಿಂತ ಒಳ್ಳೆಯದು ಬಂದದ್ದು ಕಡಿಮೆ. ಸವಾರ ಬದಲಾದರೆ ಸ್ಪ್ರಿಂಗು ಕೊಳ್ಳಬೇಕಿಲ್ಲ, ಸಣ್ಣ ಪಂಪಿನಿಂದ ಗಾಳಿ ಹೆಚ್ಚು-ಕಡಿಮೆ ಮಾಡಿದರಾಯಿತು. ಸೀಲುಗಳನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಮಾತ್ರ ನಡುದಾರಿಯಲ್ಲಿ ಕುಸಿದು ಕೂರುತ್ತದೆ.

2008ರ ಆರ್ಥಿಕ ಕುಸಿತದ ನಂತರ ಹಲವು ಕಂಪನಿಗಳು ಒಂದೊಂದಾಗಿ ಈ ಗಾಡಿಗಳನ್ನು ಕೈಬಿಟ್ಟವು. ಗಿರಾಕಿಗಳು ಅಕ್ಕಪಕ್ಕ ಕೂತು ಹೋಗುವ ಸೈಡ್-ಬೈ-ಸೈಡ್‌ಗಳ ಕಡೆ ಹೋದರು. ಶಾಕು ಮಾಡುವವರೂ ಅವರ ಹಿಂದೆಯೇ ಹೋದರು. ಉಳಿದದ್ದು ಬಹುಪಾಲು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ. ಬಡವನ ಸಸ್ಪೆನ್ಷನ್ ವಿದ್ಯೆ ನಿಜವಾಗಿ ಬೆಳೆದದ್ದು ಇಲ್ಲಿ. ಅದರ ಚರಿತ್ರೆಯನ್ನು ಯಾರೂ ಬರೆದಿಲ್ಲ. 450ಆರ್‌ನ ಮುಂದಿನ ಶಾಕು 400ಇಎಕ್ಸ್‌ಗೆ ಕೂರುತ್ತದೆಂದು ಮೊದಲು ಕಂಡುಕೊಂಡವನು ಯಾರೋ ಗೊತ್ತಿಲ್ಲ, ಆದರೆ ಸಾವಿರಾರು ಜನರ ದುಡ್ಡು ಉಳಿಸಿದ ಪುಣ್ಯಾತ್ಮ.

ಇಂಥ ಅದಲುಬದಲಿನಲ್ಲಿ ಒಂದು ಎಚ್ಚರ ಬೇಕು. ಮುಂದಿನ ಶಾಕು ಒಂದಿಂಚು ಕುಗ್ಗಿದರೆ ಚಕ್ರ ಸುಮಾರು ಎರಡಿಂಚು ಏಳುತ್ತದೆ. ಹಾಗಾಗಿ ಸ್ಪ್ರಿಂಗಿನ ಬಿಗುವಿನಲ್ಲಿ ಚಕ್ರಕ್ಕೆ ಮುಟ್ಟುವುದು ಕಾಲು ಭಾಗ ಮಾತ್ರ. ಎ-ಆರ್ಮ್ ಉದ್ದ ಮಾಡಿಸಿದರೆ ಅದೂ ಇನ್ನಷ್ಟು ಕಡಿಮೆ. ಎರಡು ತುದಿಯ ತೂತುಗಳ ನಡುವಿನ ಅಳತೆ ಸರಿಬಂತೆಂದು ಬೇರೆ ಗಾಡಿಯ ಶಾಕು ಹಾಕಿದವನು ಸ್ಪ್ರಿಂಗಿನ ಲೆಕ್ಕ ಮರೆತರೆ ತಪ್ಪಿನ ಜಾಗ ಬದಲಾಯಿತು, ಅಷ್ಟೆ.

ಇಷ್ಟು ವರ್ಷದ ಈ ವಿದ್ಯೆಯಲ್ಲಿ ಕಾಣುವ ಕೊರತೆಗಳು ಸಣ್ಣವಲ್ಲ. ಎಷ್ಟೋ ಸ್ಪ್ರಿಂಗುಗಳ ಮೇಲೆ ಬಿಗುವಿನ ಅಂಕಿ ಇರುವುದಿಲ್ಲ. ಇದ್ದದ್ದೂ ಬಣ್ಣದ ಜೊತೆ ಅಳಿಸಿಹೋಗಿರುತ್ತದೆ. ಯಾವ ತೂಕಕ್ಕೆ ಯಾವ ಸ್ಪ್ರಿಂಗು ಎಂಬ ಪಟ್ಟಿ ಮುಚ್ಚಿದ ವರ್ಕ್‌ಶಾಪುಗಳ ಜೊತೆಯೇ ಹೋಯಿತು. ಈಗ ಮುನ್ನೂರು ಡಾಲರಿಗೆ ಫಳಫಳ ಹೊಳೆಯುವ ಜೊತೆ ಸಿಗುತ್ತದೆ. ಬಿಚ್ಚಲು ಬರುವುದಿಲ್ಲ, ಸೀಲು ಸಿಗುವುದಿಲ್ಲ, ಆಯಿಲ್ ಸೋರಿದರೆ ಗುಜರಿಗೆ. ಹತ್ತು ವರ್ಷ ಹಳೆಯದಾದರೂ ಬಿಚ್ಚಲು ಬರುವ, ಬಿಡಿಭಾಗ ಸಿಗುವ ಶಾಕನ್ನೇ ನಾನು ಹುಡುಕುತ್ತೇನೆ. ಬಿಚ್ಚಿ ಆಯಿಲ್, ಸೀಲು ಬದಲಿಸಿ ನೈಟ್ರೋಜನ್ ತುಂಬಲು ಒಂದಕ್ಕೆ ನೂರು-ನೂರೈವತ್ತು ಡಾಲರ್. ಜೊತೆಗೆ ತೂಕಕ್ಕೆ ತಕ್ಕ ಸ್ಪ್ರಿಂಗು. ಹೊಸದೊಂದು ಒಳ್ಳೆಯ ಜೊತೆಗೆ ಸಾವಿರ ದಾಟುತ್ತದೆ.

ಮೈಸೂರಿನ ಹುಡುಗನನ್ನು ತಕ್ಕಡಿ ಹತ್ತಿಸಿದೆ. ಹೆಲ್ಮೆಟ್, ಬೂಟು ಸೇರಿ 96 ಕೆಜಿ. ಅವನನ್ನು ಗಾಡಿಯ ಮೇಲೆ ಕೂರಿಸಿ ಟೇಪು ಹಿಡಿದರೆ ಚಕ್ರದ ಒಟ್ಟು ಚಲನೆಯಲ್ಲಿ ಅರ್ಧಕ್ಕರ್ಧ ಅಲ್ಲೇ ಮುಗಿದಿತ್ತು. ಮೂರನೇ ಒಂದು ಭಾಗ ಕುಸಿದರೆ ಸರಿ. ಹಳೆಯ 450ಆರ್‌ನ ಒಂದು ಜೊತೆ ಹುಡುಕಿ, ಬಿಚ್ಚಿ ಕಟ್ಟಿ, ಗಟ್ಟಿ ಸ್ಪ್ರಿಂಗು ಹಾಕಿ ಮುಂದಕ್ಕೆ ಕೂರಿಸಿದೆವು. ಉಳಿದ ದುಡ್ಡಿನಲ್ಲಿ ಟೈರು ಬಂದವು. ಹಿಂದಿನ ಶಾಕಿಗೆ ಆರ್ಡರ್ ಮಾಡಿದ ಸ್ಪ್ರಿಂಗು ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಮರಳಿನ ಕಡೆ ಹೋಗಬೇಡ ಎಂದಿದ್ದೇನೆ.