ಕಾರ್ಯಕರ್ತೆ ಯಾವ ಇಲಾಖೆಯವಳು?

ಪಕ್ಷದ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಲೈಂಗಿಕ ಕಾರ್ಯಕರ್ತೆ. ಕನ್ನಡ ಪತ್ರಿಕೆ ಓದುವವರಿಗೆ ನಾಲ್ವರೂ ಗೊತ್ತು. ಮೊದಲ ಮೂವರು ಒಂದೇ ಸಭೆಯಲ್ಲಿ ಅಕ್ಕಪಕ್ಕ ಕೂತರೆ ಯಾರೂ ತಿರುಗಿ ನೋಡುವುದಿಲ್ಲ. ನಾಲ್ಕನೆಯವಳು ಬಂದು ಕೂತರೆ ಕುರ್ಚಿಗಳು ಸದ್ದಿಲ್ಲದೆ ಸರಿಯುತ್ತವೆ. ಆದರೂ ಭಾಷೆ ನಾಲ್ವರಿಗೂ ಒಂದೇ ಬಿರುದು ಕೊಟ್ಟಿದೆ. ಬಿರುದು ಒಂದಾದದ್ದು ಆಕಸ್ಮಿಕ ಇದ್ದೀತು. ಅದರ ಫಲವಂತೂ ಆಕಸ್ಮಿಕವಲ್ಲ.

‘ಕಾರ್ಯಕರ್ತ’ ಎಂಬ ಮಾತಿಗೆ ನಮ್ಮಲ್ಲಿ ಸೇವೆಯ ವಾಸನೆಯಿದೆ. ಕಾರ್ಯಕರ್ತ ದುಡಿಯುತ್ತಾನೆ, ಸಂಬಳ ಕೇಳುವುದಿಲ್ಲ. ಬಾವುಟ ಕಟ್ಟುತ್ತಾನೆ, ಕುರ್ಚಿ ಹಾಕುತ್ತಾನೆ, ಊಟದ ಹೊತ್ತಿಗೆ ಸಾಲಿನಲ್ಲಿ ನಿಲ್ಲುತ್ತಾನೆ. ಅಂಗನವಾಡಿ ಕಾರ್ಯಕರ್ತೆಯ ಕೈಗೆ ತಿಂಗಳಿಗೆ ಬರುವ ದುಡ್ಡಿಗೆ ವೇತನ ಎನ್ನುವುದಿಲ್ಲ, ‘ಗೌರವಧನ’ ಎನ್ನುತ್ತಾರೆ. ಅಮೀರ್‌ಬಿ ಪ್ರಕರಣ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದದ್ದು. ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದು 2006ರಲ್ಲಿ ತೀರ್ಪು ಬಂತು. ಅವರಿಗೂ ಗ್ರಾಚ್ಯುಯಿಟಿ ಸಲ್ಲುತ್ತದೆ ಎಂದು ಅದೇ ಕೋರ್ಟು ಹೇಳಲು 2022ರ ಏಪ್ರಿಲ್ ಬರಬೇಕಾಯಿತು. ಆಶಾ ಕಾರ್ಯಕರ್ತೆಯರು 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕೂತದ್ದೂ ತಿಂಗಳಿಗೆ ಖಚಿತವಾಗಿ ಇಷ್ಟು ಅಂತ ಕೈಗೆ ಬರಲಿ ಎಂದೇ.

ಪಕ್ಕದಲ್ಲೇ ಇನ್ನೊಂದು ಮಾತಿದೆ: ಕಾರ್ಮಿಕ. ಅದರ ಹಿಂದೆ ಕನಿಷ್ಠ ವೇತನ ಇದೆ, ಇಎಸ್‌ಐ ಆಸ್ಪತ್ರೆ ಇದೆ, ಭವಿಷ್ಯನಿಧಿ ಇದೆ, ಮುಷ್ಕರ ಇದೆ, ಮೇ ದಿನದ ಮೆರವಣಿಗೆ ಇದೆ. ಕಾರ್ಯಕರ್ತೆಗೆ ಹಾರ ಹಾಕಬಹುದು. ಕಾರ್ಮಿಕಳಿಗೆ ಬಾಕಿ ತೀರಿಸಲೇಬೇಕು. ಇಂಗ್ಲಿಷಿನ ‘ಸೆಕ್ಸ್ ವರ್ಕರ್’ ಕನ್ನಡದ ಹೊಸ್ತಿಲಿಗೆ ಬಂದಾಗ ಎರಡೂ ಮಾತು ನಮ್ಮ ಬಳಿ ಇದ್ದವು. ನಾವು ಹೆಚ್ಚಾಗಿ ಕೈಗೆತ್ತಿಕೊಂಡದ್ದು ಹಾರದ ಮಾತನ್ನು.

ನೆರೆಯವರು ಬೇರೆ ದಾರಿ ಹಿಡಿದರು. ತಮಿಳಿನಲ್ಲೂ ಮಲಯಾಳದಲ್ಲೂ ಈ ಹೆಂಗಸು ‘ತೊಳಿಲಾಳಿ’. ಕಯ್ಯೂರಿನ ಹೋರಾಟದಲ್ಲಿ ರೈತರ ಜೊತೆ ನಿಂತವನೂ ತೊಳಿಲಾಳಿಯೇ, ಗೋಡಂಬಿ ಕಾರ್ಖಾನೆಯವಳೂ ತೊಳಿಲಾಳಿಯೇ. ನಳಿನಿ ಜಮೀಲಾ 2005ರಲ್ಲಿ ಹೊರತಂದ ಆತ್ಮಕಥೆಯ ಹೆಸರಿನಲ್ಲೇ ಆ ಪದವನ್ನು ಇಟ್ಟರು. ಕೇರಳದಲ್ಲಿ ಎದ್ದ ಗದ್ದಲಕ್ಕೆ ಪುಸ್ತಕದ ಒಳಗಿನ ಸಂಗತಿಗಳಷ್ಟೇ ಹೆಸರಿನ ನಿರ್ಭಿಡೆಯೂ ಕಾರಣವಾಗಿದ್ದೀತು. ಕೋಲ್ಕತ್ತದ ಸೋನಾಗಾಛಿಯ ಹೆಂಗಸರು ತಮ್ಮನ್ನು ‘ಯೌನಕರ್ಮಿ’ ಎಂದು ಕರೆದುಕೊಂಡರು. ಕರ್ಮಿಯಲ್ಲಿ ಕೊರತೆ ಉಳಿದೀತೆಂದೋ ಏನೋ, ಘೋಷಣೆಯಲ್ಲಿ ‘ಶ್ರಮಿಕ’ ಎಂಬುದನ್ನೂ ಸೇರಿಸಿದರು. ಮೈ ದಂಡಿಸಿ ಉಣ್ಣುತ್ತೇವೆ, ಶ್ರಮಿಕರ ಹಕ್ಕು ಕೊಡಿ ಎಂಬುದು ಅದರ ತಿರುಳು.

ಮೂಲದ ಇಂಗ್ಲಿಷ್ ಮಾತೂ ಪಂಡಿತರ ಕೊಡುಗೆಯಲ್ಲ. 1970ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸ್ತ್ರೀವಾದಿ ಸಮ್ಮೇಳನವೊಂದಕ್ಕೆ ಹೋಗಿದ್ದ ಕ್ಯಾರಲ್ ಲೀ ಸ್ವತಃ ಆ ಕಸುಬಿನಲ್ಲಿದ್ದವರು. ಗೋಷ್ಠಿಯ ಹೆಸರು ಹೆಂಗಸರನ್ನು ‘ಬಳಸುವ’ ಉದ್ಯಮದ ಬಗ್ಗೆ ಎಂಬಂತಿತ್ತು. ಬಳಸುವವನು ಗಂಡಸು, ಕೆಲಸ ಮಾಡುವವಳು ಹೆಂಗಸು. ಹೆಸರು ಯಾರ ಕ್ರಿಯೆಯನ್ನು ಹೇಳಬೇಕು ಎಂದು ಅವರು ಎದ್ದು ಕೇಳಿದರು. ‘ಸೆಕ್ಸ್ ವರ್ಕ್’ ಎಂಬ ಪದ ಅಲ್ಲಿ ಹುಟ್ಟಿತು. 2022ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅದು ವಿಶ್ವಸಂಸ್ಥೆಯ ಕಡತಗಳಿಂದ ಹಿಡಿದು ನಮ್ಮ ತಾಲ್ಲೂಕು ಆಸ್ಪತ್ರೆಯ ನೋಂದಣಿ ಪುಸ್ತಕದವರೆಗೆ ಹಬ್ಬಿತ್ತು.

ಇಂಗ್ಲಿಷಿನಿಂದ ಪದ ಬರುವ ಮೊದಲು ಕನ್ನಡದಲ್ಲಿ ಈ ಕಸುಬಿಗೆ ಮಾತಿರಲಿಲ್ಲವೆ? ಇತ್ತು. ಇಂದು ಅಚ್ಚಿನಲ್ಲಿ ಹಾಕಲು ಹಿಂಜರಿಯುವ ಆ ‘ಸೂಳೆ’ ಎಂಬ ಪದ ಒಂದು ಕಾಲಕ್ಕೆ ಕಲ್ಲಿನಲ್ಲಿ ಕೆತ್ತಿಸಿಕೊಂಡಿದೆ. ಬಾದಾಮಿಯ ಹತ್ತಿರ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ ಕಾಲದ ಶಾಸನವಿದೆ. ಅರಸನ ಪ್ರಾಣವಲ್ಲಭೆ ವಿನಾಪೋಟಿ ಹಿರಣ್ಯಗರ್ಭ ದಾನ ಮಾಡಿದ್ದನ್ನೂ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಕೊಟ್ಟದ್ದನ್ನೂ ಅದು ಹೇಳುತ್ತದೆ. ಅವಳ ತಾಯಿಯ ಹೆಸರಿದೆ, ಅಜ್ಜಿಯ ಹೆಸರಿದೆ. ಅವಳನ್ನು ಸೂಳೆ ಎಂದು ಕರೆಯುವಾಗ ಶಾಸನ ತಲೆ ತಗ್ಗಿಸುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೂಳೆ ಸಂಕವ್ವೆ ‘ನಿರ್ಲಜ್ಜೇಶ್ವರ’ ಎಂಬ ಅಂಕಿತವಿಟ್ಟು ಬರೆದಳು. ನಮಗೆ ಉಳಿದಿರುವುದು ಒಂದೇ ವಚನ. ಅದರಲ್ಲಿ ಅವಳು ನಿಷ್ಠೆಯನ್ನು ವಿವರಿಸಲು ಬಳಸುವುದು ತನ್ನ ಕಸುಬಿನ ನೀತಿಯನ್ನೇ: ಒಬ್ಬರ ಒತ್ತೆ ಹಿಡಿದ ಮೇಲೆ ಇನ್ನೊಬ್ಬರದು ಕೂಡದು. ಕಸುಬಿಗೆ ಒಪ್ಪಂದ ಇತ್ತು, ಒಪ್ಪಂದಕ್ಕೆ ಮರ್ಯಾದೆ ಇತ್ತು, ಮುರಿದರೆ ಶಿಕ್ಷೆಯೂ ಇತ್ತು ಎಂಬುದು ಆ ಪುಟ್ಟ ವಚನದಿಂದಲೇ ತಿಳಿಯುತ್ತದೆ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಕಥೆ ಇನ್ನೂ ಸೊಗಸು. ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಅಲ್ಲಿ ಸೂಳೆಯರ ಕೇರಿ ಇತ್ತಂತೆ. ಜಾಗ ಬಿಡುತ್ತೇವೆ, ಕೆರೆಗೆ ನಮ್ಮ ಹೆಸರಿಡಬೇಕು ಎಂದು ಅವರು ಕರಾರು ಹಾಕಿದರಂತೆ. ಕಥೆ ನಿಜವೋ ಸುಳ್ಳೋ, ಕರಾರು ಮಾತ್ರ ಮುರಿಯಿತು: ಈಗಿನ ಸರ್ಕಾರಿ ಹೆಸರು ಶಾಂತಿಸಾಗರ. ಜನ ಇನ್ನೂ ಸೂಳೆಕೆರೆ ಎಂದೇ ಅನ್ನುತ್ತಾರೆ. ಆದರೆ ಕೆರೆಯಾಚೆಗೆ ಆ ಪದ ಉಳಿದದ್ದು ಬೈಗುಳದಲ್ಲಿ. ಅಲ್ಲೂ ಅವಳು ತನ್ನ ಸ್ವಂತ ಲೆಕ್ಕದಲ್ಲಿ ಬರುವುದಿಲ್ಲ, ಯಾವನೋ ಮಗನ ಹೆಸರಿಗೆ ಅಂಟಿಕೊಂಡು ಬರುತ್ತಾಳೆ.

ಹೀಗೆ ಹಳೆಯ ಪದ ಹೊಲಸಾದಾಗ ಸಂಸ್ಕೃತದ ‘ವೇಶ್ಯೆ’ ಬಂತು, ಅದೂ ಕೆಟ್ಟಿತು. ಆಮೇಲೆ ಬಂದ ಪ್ರತಿ ಪದವನ್ನೂ ಒಂದೊಂದು ಕಚೇರಿ ತಂದಿತು. ಯಾವ ಪದ ಕೇಳಿಸುತ್ತದೆ ಎಂಬುದರ ಮೇಲೆ ಅವಳು ಯಾವ ಕಟ್ಟಡದಲ್ಲಿ ನಿಂತಿದ್ದಾಳೆಂದು ಹೇಳಬಹುದು.

ಪೊಲೀಸ್ ಠಾಣೆಯಲ್ಲಿ ಅವಳದು ‘ಪೀಟಾ ಕೇಸು’. 1956ರ ಕಾಯ್ದೆ 1986ರಲ್ಲಿ ಹೆಸರು ಬದಲಿಸಿಕೊಂಡು ಅನೈತಿಕ ಸಾಗಾಣಿಕೆ ತಡೆ ಕಾಯ್ದೆ ಆಯಿತು. ಮೈ ಮಾರುವುದನ್ನೇ ಅದು ಅಪರಾಧ ಎನ್ನುವುದಿಲ್ಲ. ಅದರ ಸುತ್ತಲಿನ ಬಹುತೇಕ ಎಲ್ಲವನ್ನೂ ಎನ್ನುತ್ತದೆ. ಅವಳ ಗಳಿಕೆಯಲ್ಲಿ ಗೊತ್ತಿದ್ದೂ ಬದುಕುವ, 18 ದಾಟಿದ ಯಾರೇ ಆದರೂ ತಪ್ಪಿತಸ್ಥರು. ಕಾಲೇಜು ಫೀಸಿಗೆ ಅಮ್ಮನ ಮುಂದೆ ಕೈ ಚಾಚಿದ ಮಗನೂ ಈ ವಾಕ್ಯದೊಳಗೆ ಸಿಕ್ಕಿಬೀಳಬಹುದು. ಮರುದಿನದ ಪತ್ರಿಕೆಯಲ್ಲಿ ‘ದಂಧೆ’, ‘ದಾಳಿ’, ‘ರಕ್ಷಣೆ’ ಎಂಬ ಮೂರು ಪದಗಳು ಒಂದೇ ಶೀರ್ಷಿಕೆಯಲ್ಲಿ ಕೂತಿರುತ್ತವೆ. ರಕ್ಷಿಸಲ್ಪಟ್ಟವಳು ಎಲ್ಲಿಗೆ ಹೋದಳು, ಮನೆಯಲ್ಲಿ ಮಕ್ಕಳಿಗೆ ಆ ರಾತ್ರಿ ಯಾರು ಅನ್ನ ಇಟ್ಟರು ಎಂಬುದಕ್ಕೆ ಸುದ್ದಿಯಲ್ಲಿ ಜಾಗವಿರುವುದಿಲ್ಲ.

ಆರೋಗ್ಯ ಇಲಾಖೆಯಲ್ಲಿ ಅವಳು ‘ಎಫ್‌ಎಸ್‌ಡಬ್ಲ್ಯೂ’, ಅಂದರೆ ಫೀಮೇಲ್ ಸೆಕ್ಸ್ ವರ್ಕರ್. ಏಡ್ಸ್ ಭಯದ ದಿನಗಳಲ್ಲಿ ಈ ಅಕ್ಷರಗಳು ಬಂದವು. ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆ 2003ರಲ್ಲಿ ಶುರುವಾಗಿ ಕರ್ನಾಟಕವೂ ಸೇರಿ ಆರು ರಾಜ್ಯಗಳಿಗೆ ಹಬ್ಬಿತು. ಜೊತೆಗೆ ‘ಹಾಟ್‌ಸ್ಪಾಟ್’, ‘ಪೀರ್’, ‘ಡ್ರಾಪ್ ಇನ್ ಸೆಂಟರ್’ ಎಂಬ ಮಾತುಗಳೂ ಬಸ್ ನಿಲ್ದಾಣಗಳ ಬದಿಗೆ ಬಂದವು. ಈ ನಿಘಂಟಿನಲ್ಲಿ ಲಾರಿ ಡ್ರೈವರುಗಳಿಗೆ, ವಲಸೆ ಗಂಡಸರಿಗೆ ‘ಬ್ರಿಜ್’ ಎಂಬ ಹೆಸರು. ಸೋಂಕು ಆ ಸೇತುವೆ ದಾಟಿ ‘ಸಾಮಾನ್ಯ ಜನ’ರನ್ನು ಮುಟ್ಟದಿರಲಿ ಎಂಬುದು ಲೆಕ್ಕ. ಅವಳು ಹೊಳೆಯ ಆಚೆ ದಡದವಳು ಎಂಬುದು ಲೆಕ್ಕದಲ್ಲೇ ತೀರ್ಮಾನವಾಗಿತ್ತು.

ಆದರೂ ಆ ಡ್ರಾಪ್ ಇನ್ ಸೆಂಟರಿನ ಚಾಪೆಯ ಮೇಲೆ ಯೋಜನೆ ಬರೆದವರು ಊಹಿಸದ ಸಂಗತಿ ನಡೆಯಿತು. ಸ್ನಾನ ಮಾಡಿ, ಮಲಗಿ ಎದ್ದು, ತಲೆ ಬಾಚಿಕೊಳ್ಳುತ್ತಾ ಹೆಂಗಸರು ಮಾತಾಡಿಕೊಂಡರು. ಕಾಂಡೋಮಿಗಿಂತ ಮೊದಲು ಅವರು ಎತ್ತಿದ ವಿಷಯ ಪೊಲೀಸರ ಲಾಠಿ, ಗೂಂಡಾಗಳ ಸುಲಿಗೆ. ಹೊಡೆತದ ಭಯದಲ್ಲಿ ಓಡುತ್ತಿರುವವಳು ಗಿರಾಕಿಯ ಜೊತೆ ಕಾಂಡೋಮಿಗಾಗಿ ಚೌಕಾಸಿ ಮಾಡಲಾರಳು ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಮೈಸೂರಿನಲ್ಲಿ 2005ರಲ್ಲಿ ಇಂಥ ಹೆಂಗಸರದೇ ಸಂಘಟನೆಯಾಗಿ ಎದ್ದ ಆಶೋದಯ ಸಮಿತಿ, ಯಾರನ್ನಾದರೂ ಹಿಡಿದರೆ, ಹೊಡೆದರೆ ಕೂಡಲೇ ಓಡಿಬರುವ ಜೊತೆಗಾರ್ತಿಯರ ತಂಡ ಕಟ್ಟಿತು. ಎಚ್‌ಐವಿ ಇರುವವರಿಗೆ ಆರೈಕೆಯ ಮನೆ ನಡೆಸಿತು. ಒಂದು ಹೋಟೆಲನ್ನೂ ತೆರೆಯಿತು. ಹಾನಿ ತಗ್ಗಿಸುವುದು ಎಂದರೆ ಕಾಂಡೋಮಿನ ಡಬ್ಬಿ ಹಂಚುವುದು ಎಂದುಕೊಂಡವರಿಗೆ ಅವರು ಕಲಿಸಿದ ಪಾಠ ಅದು. ಮೊದಲು ತಗ್ಗಬೇಕಾದ ಹಾನಿ ಠಾಣೆಯಲ್ಲಿತ್ತು. ಒಂದು ಇಲಾಖೆ ಕಾಂಡೋಮು ಕೊಡುತ್ತಿತ್ತು, ಇನ್ನೊಂದು ಇಲಾಖೆ ಅದನ್ನೇ ಚೀಲದಿಂದ ತೆಗೆದು ಸಾಕ್ಷ್ಯ ಎನ್ನುತ್ತಿತ್ತು. ಕಾಂಡೋಮನ್ನು ಅಪರಾಧದ ಸಾಕ್ಷ್ಯವಾಗಿ ಎಣಿಸಬಾರದು ಎಂಬ ಮಾತಿಗೆ ಸುಪ್ರೀಂ ಕೋರ್ಟಿನ ಮುದ್ರೆ ಬಿದ್ದದ್ದು 2022ರ ಮೇ 19ರಂದು, ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ.

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯ ಕಡೆ ಹೋದರೆ ಅವಳು ‘ದಮನಿತ ಮಹಿಳೆ’. ಸಹಾಯಧನದ ಅರ್ಜಿಯಲ್ಲಿ ಇರುವ ಪದ ಇದು. ಒಳ್ಳೆಯ ಮನಸ್ಸಿನಿಂದ ಹುಟ್ಟಿದ ಪದವೇ. ಆದರೆ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವವರನ್ನು ಹುಡುಕಬೇಕು. ‘ನಾನು ದಮನಿತಳು’ ಎಂದು ಯಾರು ತಾನೆ ಎದ್ದು ನಿಂತಾರು? ಉತ್ತರ ಕರ್ನಾಟಕದಲ್ಲಿ ಇದರದೇ ಇನ್ನೊಂದು ರೂಪ ‘ಮಾಜಿ ದೇವದಾಸಿ’. ಮುತ್ತು ಕಟ್ಟುವುದನ್ನು 1982ರ ಕಾಯ್ದೆ ನಿಷೇಧಿಸಿತು. ಎರಡು ಸಮೀಕ್ಷೆಗಳು ಸೇರಿ 46,660 ಹೆಂಗಸರನ್ನು ಪಟ್ಟಿ ಮಾಡಿದವು. ಮಂತ್ರಿಗಿರಿ ಹೋದವರಿಗೆ ಸೇರಿಸುವ ‘ಮಾಜಿ’ ಇಲ್ಲಿ ಪಿಂಚಣಿಗೆ ಅರ್ಹತೆ. ಪಟ್ಟಿಯಲ್ಲಿ ಹೆಸರಿಲ್ಲದವಳು ಹಾಲಿಯೂ ಅಲ್ಲ, ಮಾಜಿಯೂ ಅಲ್ಲ.

ಈ ಎಲ್ಲ ಕಟ್ಟಡಗಳಿಂದ ಹೊರಗೆ, ತಮ್ಮತಮ್ಮಲ್ಲಿ ಮಾತಾಡುವಾಗ ಅವರು ಬಳಸುವ ಪದಗಳು ಸರಳ: ದಂಧೆ, ಲೈನು, ಗಿರಾಕಿ. ಮನೆಯವರೆದುರು ‘ಕೆಲಸಕ್ಕೆ ಹೋಗಿ ಬರ್ತೀನಿ’. ಸಾಂಗ್ಲಿಯಲ್ಲಿ 1996ರಲ್ಲಿ ಕಟ್ಟಿದ ಸಂಘಟನೆಯಲ್ಲಿ ಕರ್ನಾಟಕದ ಗಡಿ ಜಿಲ್ಲೆಗಳಿಂದ ಹೋದ, ಕನ್ನಡ ಮಾತಾಡುವ ಹೆಂಗಸರು ಅನೇಕರು. ಅವರು ಸಂಘಕ್ಕೆ ಆರಿಸಿದ ಹೆಸರು ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್’. ಸಭ್ಯ ಪದ ಹುಡುಕುವ ಗೋಜಿಗೇ ಹೋಗಲಿಲ್ಲ. ಪದ ತೊಳೆಯುವುದರ ಮೇಲಲ್ಲ, ಅನ್ಯಾಯ ತೊಲಗಿಸುವುದರ ಮೇಲೆ ಅವರ ಕಣ್ಣಿತ್ತು.

ಅತ್ತ ನ್ಯಾಯಾಲಯ, ಆಯೋಗಗಳಲ್ಲಿ ‘ಕೆಲಸ’ ಎಂಬ ಪದ ಬರುವುದೂ ಹಿಂದೆ ಸರಿಯುವುದೂ ನಡೆದೇ ಇದೆ. ಬುದ್ಧದೇವ್ ಪ್ರಕರಣದಲ್ಲಿ 2011ರಲ್ಲಿ ನೇಮಿಸಿದ ಸಮಿತಿಗೆ ಕೋರ್ಟು ಒಪ್ಪಿಸಿದ ವಿಷಯಗಳಲ್ಲೊಂದು, ಈ ಕೆಲಸದಲ್ಲೇ ಮುಂದುವರಿಯಲು ಬಯಸುವವರು ಘನತೆಯಿಂದ ಕೆಲಸ ಮಾಡುವ ಪರಿಸ್ಥಿತಿ ಹೇಗಿರಬೇಕು ಎಂಬುದು. 2012ರಲ್ಲಿ ಅದನ್ನು ತಿದ್ದಿ ಘನತೆಯಿಂದ ‘ಬದುಕುವ’ ಪರಿಸ್ಥಿತಿ ಎಂದು ಮಾಡಿದರು. ಕೋವಿಡ್ ಕಾಲದಲ್ಲಿ, 2020ರ ಅಕ್ಟೋಬರಿನಲ್ಲಿ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಇವರನ್ನು ಅಸಂಘಟಿತ ಕಾರ್ಮಿಕರೆಂದು ಗುರುತಿಸಿ ಪಡಿತರ ಕೊಡಿ ಎಂದಿತು. ಆಕ್ಷೇಪ ಬಂದ ಮೇಲೆ ಮಾನವೀಯತೆಯ ನೆಲೆಯಲ್ಲಿ ಕೊಡಿ ಎಂದು ತಿದ್ದಿತು. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೊರತಂದ ಲಿಂಗ ಪೂರ್ವಗ್ರಹದ ಕೈಪಿಡಿ ‘ಸೆಕ್ಸ್ ವರ್ಕರ್’ ಎನ್ನಿ ಎಂದು ಸೂಚಿಸಿತು. ಕೆಲವು ತಿಂಗಳಲ್ಲಿ ಆ ಸಾಲೂ ಬದಲಾಯಿತು. ಬದುಕು, ಕರುಣೆ, ಘನತೆ ಎಲ್ಲವನ್ನೂ ಕೊಡಲು ತಯಾರಿರುವ ಕೈ ಕೆಲಸ ಎಂಬ ಪದದ ಮುಂದೆ ಮಾತ್ರ ತಡವರಿಸುತ್ತದೆ.

ತಡವರಿಸುವವರ ವಾದವನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಮಾರಾಟವಾಗಿ ಬಂದವಳನ್ನು, ಮುತ್ತು ಕಟ್ಟಿಸಿಕೊಂಡು ಬಂದವಳನ್ನು ‘ಕೆಲಸದವಳು’ ಎಂದುಬಿಟ್ಟರೆ ಮಾರಿದವನ ಪಾಪ ಮರೆಯಾಗುವುದಿಲ್ಲವೆ ಎಂದು ಅವರು ಕೇಳುತ್ತಾರೆ. ಹದಿನೆಂಟು ತುಂಬದ ಹುಡುಗಿಯ ವಿಷಯದಲ್ಲಂತೂ ಚರ್ಚೆಯೇ ಇಲ್ಲ. ಅಲ್ಲಿ ನಡೆಯುವುದು ಅತ್ಯಾಚಾರ, ಬೇರೆ ಹೆಸರು ಅದಕ್ಕಿಲ್ಲ. ಆದರೆ ವಯಸ್ಕರ ವಿಷಯಕ್ಕೆ ಕನ್ನಡವೇ ಒಂದು ಉತ್ತರ ಇಟ್ಟುಕೊಂಡಿದೆ. ನಾವು ‘ಜೀತ ಕಾರ್ಮಿಕ’ ಎನ್ನುತ್ತೇವೆ, ‘ಬಾಲ ಕಾರ್ಮಿಕ’ ಎನ್ನುತ್ತೇವೆ. ಹಾಗೆಂದು ಜೀತವನ್ನು ಒಪ್ಪಿದಂತಾಯಿತೆ? ಕಾರ್ಮಿಕ ಎಂಬ ಪದಕ್ಕೆ ಇಷ್ಟಪಟ್ಟು ಬಂದವನು ಎಂಬ ಅರ್ಥ ಕನ್ನಡದಲ್ಲಿ ಎಂದೂ ಇರಲಿಲ್ಲ. ಇವನ ದುಡಿಮೆಯನ್ನು ಯಾರೋ ಉಣ್ಣುತ್ತಿದ್ದಾರೆ, ಲೆಕ್ಕ ಕೇಳಬೇಕು ಎಂಬುದಷ್ಟೇ ಅದರ ಅರ್ಥ. ದುಡಿಮೆ ಎಂದು ಕರೆದಾಗಲೇ ಸುಲಿಗೆ ಕಣ್ಣಿಗೆ ಬೀಳುತ್ತದೆ. ಸೇವೆ ಎಂದಾಗ, ದಮನ ಎಂದಾಗ, ಪಾಪ ಎಂದಾಗ ಲೆಕ್ಕದ ಪುಸ್ತಕ ಮುಚ್ಚಿಹೋಗುತ್ತದೆ.

ಸೋನಾಗಾಛಿಯವರು ಇದನ್ನು 1995ರಲ್ಲೇ ಒಂದು ಅರ್ಜಿ ಫಾರಂನ ಮೇಲೆ ಪರೀಕ್ಷಿಸಿದರು. ಬಡ್ಡಿ ಸಾಲದವರಿಂದ ತಪ್ಪಿಸಿಕೊಳ್ಳಲು ‘ಉಷಾ’ ಎಂಬ ಸಹಕಾರ ಸಂಘ ನೋಂದಾಯಿಸಲು ಹೋದರು. ಸದಸ್ಯರು ಸನ್ನಡತೆಯವರಾಗಿರಬೇಕು ಎಂಬ ಷರತ್ತು ಅಡ್ಡ ಬಂತು. ಗೃಹಿಣಿಯರು ಎಂದು ಬರೆದುಕೊಟ್ಟರೆ ಕೆಲಸ ಸಲೀಸು ಎಂಬ ಸಲಹೆಯೂ ಬಂತು. ಅವರು ಬರೆದುಕೊಡಲಿಲ್ಲ. ಕೊನೆಗೆ ದಾರಿ ಬಿಟ್ಟದ್ದು ಕಾಯ್ದೆಯೇ. ಆಮೇಲೆ ಸಾವಿರಾರು ಹೆಂಗಸರು ತಮ್ಮ ಕಸುಬಿನ ಹೆಸರಲ್ಲೇ ಅಲ್ಲಿ ಉಳಿತಾಯ ಇಟ್ಟರು, ಸಾಲ ತೆಗೆದರು.

ನಮ್ಮಲ್ಲಿ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಎಂಬ ಯೋಜನೆಯಿದೆ. ಹಮಾಲರು, ಚಿಂದಿ ಆಯುವವರು, ಮನೆಗೆಲಸದವರು, ಅಗಸರು, ಟೈಲರುಗಳು, ಭಟ್ಟಿ ಕಾರ್ಮಿಕರು ಅದರ ಪಟ್ಟಿಗೆ ಸೇರಿದವರು. ಒಂದು ಕಾಲಕ್ಕೆ ಇವರಲ್ಲಿ ಅನೇಕರನ್ನು ಸರ್ಕಾರ ಕಾರ್ಮಿಕರೆಂದು ಎಣಿಸುತ್ತಿರಲಿಲ್ಲ. ಸಂಘ ಕಟ್ಟಿ, ಧರಣಿ ಕೂತು ಆ ಹೆಸರು ಪಡೆದರು. ಪೊಲೀಸ್, ಆರೋಗ್ಯ, ಮಹಿಳೆ ಮತ್ತು ಮಕ್ಕಳು ಎಂದು ಮೂರು ಇಲಾಖೆಗಳ ಕಡತದಲ್ಲಿ ಮೂರು ಹೆಸರು ಹೊತ್ತಿರುವ ಈ ಹೆಂಗಸಿನ ಕಡತ ಇನ್ನೂ ತಲುಪಬೇಕಾದದ್ದು ನಾಲ್ಕನೆಯದನ್ನು, ಕಾರ್ಮಿಕ ಇಲಾಖೆಯನ್ನು. ಅಲ್ಲಿಗೆ ‘ಲೈಂಗಿಕ ಕಾರ್ಮಿಕರು’ ಎಂಬ ಎರಡು ಪದದ ಒಂದು ಸಾಲು ಸೇರಿಸಲು ಹೊಸ ನಿಘಂಟು ಬೇಕಿಲ್ಲ, ಪದಗಳೆರಡೂ ನಮ್ಮಲ್ಲಿವೆ. ಬೇಕಾದದ್ದು ಒಬ್ಬ ಮಂತ್ರಿಯ ಸಹಿ, ಅದನ್ನು ಕೇಳಿ ಪಡೆಯುವಷ್ಟು ಜನರ ಒತ್ತಾಯ.