ನೇತ್ರಾವತಿಯ ದಡದ ಬಂಟವಾಳ ಪೇಟೆ

ಊರಿನ ಪೂರ್ವಚರಿತ್ರೆಯನ್ನು ಅರಿಯಬಯಸುವವರು ಪ್ರಾಯಶಃ ಅರಸರ ವಂಶಾವಳಿಯನ್ನೂ ಶಿಲಾಶಾಸನಗಳನ್ನೂ ಅರಸುವರು. ಬಂಟವಾಳದ ವಿಷಯದಲ್ಲಾದರೋ ಮೊದಲು ನದಿಯನ್ನು ನೋಡುವುದೇ ಯುಕ್ತವು.

ಕುದುರೆಮುಖದ ಗಿರಿಪಂಕ್ತಿಯಲ್ಲಿ ಹುಟ್ಟಿದ ನೇತ್ರಾವತಿಯು ಧರ್ಮಸ್ಥಳದ ಮಗ್ಗುಲಿನಿಂದ ಇಳಿದುಬಂದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಪಶ್ಚಿಮಾಭಿಮುಖವಾಗಿ ಸಾಗುವುದು. ಮಂಗಳೂರಿಗೆ ಮೂಡಲು ಸುಮಾರು 25 ಕಿಲೋಮೀಟರು ದೂರದಲ್ಲಿ, ಇದರ ಉತ್ತರದ ದಡದಲ್ಲಿ ಬಂಟವಾಳ ಪೇಟೆಯಿರುವುದು. ತುಸು ಕೆಳಗೆ ಎದುರು ದಡದಲ್ಲಿ ಪಾಣೆಮಂಗಳೂರು. ಪೇಟೆಯ ನಡುವೆ ಗೌಡ ಸಾರಸ್ವತರ ತಿರುಮಲ ವೆಂಕಟರಮಣ ದೇವಾಲಯವು ಶೋಭಿಸುತ್ತದೆ. ಮಕ್ಕಳ ಸಾಹಿತ್ಯಕ್ಕೆ ಕನ್ನಡದಲ್ಲಿ ದಾರಿ ತೋರಿದ ಪಂಜೆ ಮಂಗೇಶರಾಯರು 1874ರಲ್ಲಿ ಜನಿಸಿದುದು ಈ ಊರಿನಲ್ಲಿಯೇ.

ರೈಲೂ ಮೋಟಾರೂ ಇಲ್ಲದ ಕಾಲದಲ್ಲಿ ಘಟ್ಟದ ಮೇಲಿನ ಕಾಫಿ ಮೊದಲಾದ ಸರಕುಗಳು ಎತ್ತಿನ ಗಾಡಿಗಳಲ್ಲಿ ಚಾರ್ಮಾಡಿಯನ್ನಿಳಿದು, ಬೆಳ್ತಂಗಡಿಯ ಮಾರ್ಗವಾಗಿ ಇಲ್ಲಿಗೆ ಬರುತ್ತಿದ್ದವು. ಇಲ್ಲಿಂದ ಅವು ದೋಣಿಗಳನ್ನೇರಿ ಮಂಗಳೂರ ಬಂದರಿಗೆ ಹೋಗುತ್ತಿದ್ದವು. ಗಾಡಿಯ ದಾರಿಯೂ ದೋಣಿಯ ದಾರಿಯೂ ಕೂಡಿದ ಎಡೆಯಲ್ಲಿ ವರ್ತಕರು ನೆಲೆನಿಂತುದರಿಂದಲೇ ಪೇಟೆಯು ಬೆಳೆಯಿತು.

ಬೆಳೆಸಿದ ನದಿಯೇ ಪೇಟೆಯನ್ನು ದಂಡಿಸಿದುದೂ ಉಂಟು. 1923ರ ಮಹಾಪೂರವೂ 1974ರ ಮಹಾಪೂರವೂ ತಗ್ಗಿನ ಬೀದಿಗಳನ್ನು ಮುಳುಗಿಸಿ, ಮನೆ ಅಂಗಡಿಗಳನ್ನು ಹಾಳುಗೆಡಹಿದವು. ದೋಣಿಗೆ ಅನುಕೂಲವಾದ ನೆಲವು ನೆರೆಗೂ ಅನುಕೂಲವೆಂಬುದು ಆಗ ಎಲ್ಲರ ಅನುಭವಕ್ಕೆ ಬಂದಿತು.

ಆದರೂ ಪೇಟೆಯ ಭಾಗ್ಯವನ್ನು ಬದಲಿಸಿದುದು ನೆರೆಯೊಂದೇ ಅಲ್ಲ. ಲಾರಿಗಳು ಬಂದಮೇಲೆ ದೋಣಿಯ ಸಾಗಾಟವು ನಿಂತಿತು. ಬೆಂಗಳೂರಿನ ಹೆದ್ದಾರಿಯನ್ನು ಬೆಳ್ತಂಗಡಿಯ ರಸ್ತೆಯು ಕೂಡುವ ಸ್ಥಳವು ಬಂಟವಾಳ ಕ್ರಾಸ್ ರೋಡ್ ಎನಿಸಿ, ಜನರ ಬಾಯಲ್ಲಿ ಬಿ.ಸಿ. ರೋಡಾಯಿತು. 1979ರಲ್ಲಿ ಮಂಗಳೂರು–ಹಾಸನ ರೈಲುಮಾರ್ಗವು ಪೂರ್ಣಗೊಂಡಿತು. ಬಂಟವಾಳವೆಂಬ ಹೆಸರಿನ ನಿಲ್ದಾಣವಿರುವುದೂ ಬಿ.ಸಿ. ರೋಡಿನಲ್ಲಿಯೇ. ತಾಲೂಕು ಕಚೇರಿಗಳೂ ಅಲ್ಲಿಯೇ ನೆಲೆಸಿದವು. ಹೆಸರು ಹಳೆಯ ಪೇಟೆಯದು, ವ್ಯವಹಾರವು ಕೂಡುರಸ್ತೆಯದು ಎಂಬಂತಾಯಿತು.

ನದಿಯ ಉಪಯೋಗವು ಇದರಿಂದ ಮುಗಿದಿಲ್ಲ. ಪೇಟೆಗಿಂತ ಕೆಳಗೆ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟಿನಿಂದ ಮಂಗಳೂರು ನಗರವು ಕುಡಿಯುವ ನೀರನ್ನು ಪಡೆಯುತ್ತಿದೆ. ಹಿಂದೆ ಬಂದರಿಗೆ ಸರಕನ್ನು ಹೊತ್ತ ಹೊಳೆಯು ಈಗ ನಗರದ ದಾಹವನ್ನು ತಣಿಸುವುದು. ಹೀಗಿರಲು ಹೊಳೆಯನ್ನು ಶುಚಿಯಾಗಿರಿಸುವುದೂ, ಅದರ ದಡದ ಹಳೆಯ ಬೀದಿಯನ್ನು ಹಾಳಾಗದಂತೆ ಕಾಯುವುದೂ ಒಂದೇ ಕರ್ತವ್ಯದ ಎರಡು ಮುಖಗಳು. ಈ ಕರ್ತವ್ಯವು ಬಂಟವಾಳದವರಿಗೆ ಎಷ್ಟು ಸಲ್ಲುವುದೋ ಮಂಗಳೂರಿನವರಿಗೂ ಅಷ್ಟೇ ಸಲ್ಲತಕ್ಕುದು.